ಬಾಯಾರದೆಯೂ ದೇಹ ಬತ್ತುತ್ತದೆ

'ನಿರ್ಜಲೀಕರಣ' ಎಂಬ ಪದವನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿರುತ್ತೇವೆ. ಆದರೆ ಮನೆಯೊಳಗೆ ಈ ಪದ ಬಳಸುವವರನ್ನು ನಾನಂತೂ ಕಂಡಿಲ್ಲ. ಮಗು ಬಾಡಿ ಮಲಗಿದರೆ ಉಷ್ಣ ಎನ್ನುತ್ತೇವೆ. ಹಿರಿಯರು ಕೂತಲ್ಲೇ ತೂಕಡಿಸಿದರೆ ವಯಸ್ಸಾಯಿತು ಎನ್ನುತ್ತೇವೆ. ಮಧ್ಯಾಹ್ನ ತಲೆ ಸಿಡಿದರೆ ಪಿತ್ತ, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಂಡರೆ ವಾಯು. ಇವಕ್ಕೆಲ್ಲ ಬೇರೆ ಬೇರೆ ಕಾರಣಗಳೂ ಇರಬಹುದು, ನಿಜ. ಆದರೆ ಎಷ್ಟೋ ಸಲ ಈ ಎಲ್ಲ ಹೆಸರುಗಳ ಹಿಂದೆ ಇರುವುದು ಒಂದೇ ಸಂಗತಿ. ದೇಹದೊಳಗೆ ಬಂದದ್ದಕ್ಕಿಂತ ದೇಹದಿಂದ ಹೊರಹೋದದ್ದು ಹೆಚ್ಚಾಗಿರುತ್ತದೆ.

ಆ ಪದದಲ್ಲೂ ಒಂದು ಕೊರತೆಯಿದೆ. ನಿರ್ಜಲ ಎಂದಾಗ ಹೋದದ್ದು ನೀರು ಮಾತ್ರ, ಎರಡು ಲೋಟ ನೀರು ಕುಡಿದರೆ ಎಲ್ಲ ಸರಿಹೋಗುತ್ತದೆ ಎಂದೇ ಯಾರಿಗೂ ಅನಿಸುವುದು. ಬೆವರು ತುಟಿಗೆ ಇಳಿದಾಗ ಅದರ ರುಚಿ ಉಪ್ಪು ಎಂಬುದು ಒಲೆಯ ಮುಂದೆ ನಿಲ್ಲುವ ನಮಗೆ ಗೊತ್ತು. ಕಣ್ಣೀರೂ ಉಪ್ಪು. ವಾಂತಿ ಭೇದಿಯಲ್ಲೂ ನೀರಿನೊಂದಿಗೆ ಉಪ್ಪು ಹೋಗುತ್ತದೆ. ಎರಡು ಹೋದಾಗ ಒಂದನ್ನೇ ಹಿಂದೆ ಕೊಟ್ಟರೆ ಲೆಕ್ಕ ಸರಿಹೊಂದುವುದಿಲ್ಲ. ಈ ಲೆಕ್ಕ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನನ್ನ ಅತ್ತೆಯ ಕಾಯಿಲೆಯಿಂದ.

ಅತ್ತೆಯನ್ನು ನಾನೂ 'ಉಮ್ಮ' ಎಂದೇ ಕರೆಯುವುದು. 2022ರಲ್ಲಿ ರಮಝಾನ್ ಎಪ್ರಿಲ್ ತಿಂಗಳಲ್ಲಿ ಬಂದಿತ್ತು. ಕರಾವಳಿಯ ಎಪ್ರಿಲ್ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಪುನಃ ಒದ್ದೆ. ಉಮ್ಮನಿಗೆ ಆಗ ಎಪ್ಪತ್ತೊಂದು ವರ್ಷ. ಸಕ್ಕರೆ ಕಾಯಿಲೆ ಇತ್ತು, ಬಿ.ಪಿ.ಯೂ ಇತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಹಿಡಿದ ಉಪವಾಸ, ಹೆರಿಗೆಯ ಕಾಲ ಬಿಟ್ಟರೆ ತಪ್ಪಿಸಿದವರಲ್ಲ. ತಪ್ಪಿದವನ್ನೂ ಲೆಕ್ಕವಿಟ್ಟು ತೀರಿಸಿದವರು.

ಆ ರಮಝಾನಿನ ಹದಿನೆಂಟನೆಯದೋ ಹತ್ತೊಂಬತ್ತನೆಯದೋ ಉಪವಾಸದ ದಿನ. ಅಸ್ರ್ ನಮಾಝ್ ಮುಗಿಸಿದ ಉಮ್ಮ ಸ್ವಲ್ಪ ಹೊತ್ತಿನಲ್ಲಿ ಪುನಃ ಅಸ್ರ್ ನಮಾಝಿಗೆ ನಿಂತರು. ಮರೆತಿರಬೇಕು ಎಂದುಕೊಂಡೆ. ಅದು ಮುಗಿದ ಮೇಲೆ ಮೂರನೆಯ ಸಲವೂ ನಿಂತರು. ಅಡುಗೆಮನೆಗೆ ಬಂದು ಅಕ್ಕಿಹುಡಿಯ ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡೇ, "ಅಕ್ಕಿಹುಡಿ ಎಲ್ಲಿಟ್ಟಿದ್ದೀ?" ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ. ಎಷ್ಟೋ ವರ್ಷದ ಹಿಂದೆ ತೀರಿಹೋದ ತನ್ನ ತಂಗಿಯ ಹೆಸರಿನಿಂದ ನನ್ನನ್ನು ಕರೆದಿದ್ದರು. ಆ ಹೆಸರು ಕೇಳಿ ನನ್ನ ಕೈಕಾಲು ತಣ್ಣಗಾದವು.

ಇಫ್ತಾರಿಗೆ ಬಂದಿದ್ದ ಸಂಬಂಧಿಕರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ವಯಸ್ಸಿನ ಮರೆವು, ಇನ್ನು ಹೀಗೆಯೇ ಎಂದರು ಒಬ್ಬರು. ಕಣ್ಣು ತಾಗಿರಬೇಕು, ಉಸ್ತಾದರ ಹತ್ತಿರ ಹೋಗಿ ನೀರು ಊದಿಸಿ ತನ್ನಿ ಎಂದರು ಗಂಡನ ಚಿಕ್ಕಮ್ಮ. ಗಂಡ ಅವರೊಡನೆ ವಾದಕ್ಕೆ ಇಳಿಯಲಿಲ್ಲ. "ಚಿಕ್ಕಮ್ಮ, ನೀವು ಇಲ್ಲಿ ಕೂತು ದುಆ ಮಾಡಿ, ನಾವು ಆಸ್ಪತ್ರೆಗೆ ಹೋಗಿ ಬರುತ್ತೇವೆ" ಎಂದು ಆಟೋ ಕರೆದರು.

ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತಲೆಯ ಸ್ಕ್ಯಾನಿಂಗ್ ಬೇಕೆನ್ನುತ್ತಾರೇನೋ ಎಂದುಕೊಂಡಿದ್ದೆವು. ಅದು ಆಮೇಲೆ ನೋಡುವ ಎಂದು ಅವರು ಮೊದಲು ಕೇಳಿದ್ದು ಮೂರು ಪ್ರಶ್ನೆ. ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಾರೆ? ಯಾವ ಯಾವ ಮಾತ್ರೆ ತಿನ್ನುತ್ತಿದ್ದಾರೆ? ಇಫ್ತಾರಿನಿಂದ ಸಹರಿಯವರೆಗೆ ಏನು ಕುಡಿಯುತ್ತಾರೆ? ಬಾಯಿ ತೆರೆಸಿ ನಾಲಿಗೆ ನೋಡಿದರು. ಒಣಗಿದ ತೊಗಟೆಯಂತಿತ್ತು. ಕೈಯ ಚರ್ಮ ಎತ್ತಿ ನೋಡುತ್ತಾರಲ್ಲ, ಅದನ್ನು ಯಾಕೆ ಮಾಡಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ವಯಸ್ಸಾದವರ ಚರ್ಮ ಹೇಗೂ ಸಡಿಲ, ಅದನ್ನು ನಂಬಲಿಕ್ಕಾಗುವುದಿಲ್ಲ. ಮಕ್ಕಳಲ್ಲಿ ಮಾತ್ರ ಅದು ಸರಿಯಾಗಿ ತಿಳಿಯುತ್ತದೆ" ಎಂದರು.

ರಕ್ತಪರೀಕ್ಷೆಯ ಚೀಟಿ ಬಂತು. ಸೋಡಿಯಂ 121. ಅದು 135ರಿಂದ 145ರೊಳಗೆ ಇರಬೇಕಾದದ್ದು. ಸೋಡಿಯಂ ಎಂದರೆ ನಮ್ಮ ಅಡುಗೆ ಉಪ್ಪಿನಲ್ಲಿರುವ ಅಂಶವೇ. ಉಮ್ಮ ತಿನ್ನುತ್ತಿದ್ದ ಬಿ.ಪಿ. ಮಾತ್ರೆಗಳಲ್ಲೊಂದು ಮೂತ್ರವನ್ನು ಹೆಚ್ಚಿಸಿ ನೀರು ಮತ್ತು ಉಪ್ಪನ್ನು ಹೊರಗೆ ಹಾಕುವಂಥದ್ದು. ಸಕ್ಕರೆ ಅಂಶ ಏರಿದಾಗಲೂ ಮೂತ್ರ ಹೆಚ್ಚು ಹೋಗುತ್ತದೆ. ಮೇಲಿನಿಂದ ಹಗಲಿಡೀ ಬೆವರು. ಇಫ್ತಾರಿಗೆ ಅವರು ಕುಡಿಯುತ್ತಿದ್ದದ್ದು ಕಡಿಮೆಯೇನಲ್ಲ. ದೊಡ್ಡ ಲೋಟದಲ್ಲಿ ಎರಡು ಲೋಟ ತಣ್ಣೀರು, ಆಮೇಲೆ ಸಕ್ಕರೆಯಿಲ್ಲದ ಚಹಾ. ಬಿ.ಪಿ. ಇದೆಯೆಂದು ಗಂಜಿಗೂ ಉಪ್ಪು ಹಾಕಿಸಿಕೊಳ್ಳುತ್ತಿರಲಿಲ್ಲ. ನೀರು ಸ್ವಲ್ಪ ಮರಳಿ ಬಂತು, ಉಪ್ಪು ಬರಲಿಲ್ಲ. ಉಳಿದಿದ್ದ ಉಪ್ಪೂ ಆ ನೀರಿನಲ್ಲಿ ತೆಳುವಾಯಿತು. ರಕ್ತದಲ್ಲಿ ಸೋಡಿಯಂ ಹೀಗೆ ಇಳಿದಾಗ ಮೊದಲು ಮಂಕಾಗುವುದು ಮೆದುಳು ಎಂದು ಡಾಕ್ಟರಮ್ಮ ವಿವರಿಸಿದರು. ಇನ್ನೂ ಇಳಿದರೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಹಾಗೆಂದು ಒಮ್ಮೆಲೇ ಏರಿಸುವಂತೆಯೂ ಇಲ್ಲವಂತೆ, ಅದರಿಂದಲೂ ಮೆದುಳಿಗೆ ಅಪಾಯ. ಆ ಮಾತ್ರೆ ನಿಲ್ಲಿಸಿದರು, ಡ್ರಿಪ್ ತೊಟ್ಟು ತೊಟ್ಟಾಗಿ ಹಾಕಿದರು, ಆರಾರು ಗಂಟೆಗೊಮ್ಮೆ ರಕ್ತ ನೋಡಿದರು. ಮೂರನೆಯ ದಿನ ಬೆಳಗ್ಗೆ ಉಮ್ಮ ಕಣ್ಣುಬಿಟ್ಟು ನನ್ನನ್ನು ನನ್ನದೇ ಹೆಸರಿನಿಂದ ಕರೆದು, "ಸಹರಿಗೆ ಯಾರು ಎಬ್ಬಿಸಿದ್ದು ನಿಮ್ಮನ್ನೆಲ್ಲ?" ಎಂದು ಕೇಳಿದರು. ಅಲ್‌ಹಮ್ದುಲಿಲ್ಲಾಹ್!

ಆದರೆ ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಕಾಯಿಲೆಯ ಬಗ್ಗೆ ಉಮ್ಮನಿಗೆ ಚಿಂತೆಯಿರಲಿಲ್ಲ, ಬಿಟ್ಟುಹೋದ ಉಪವಾಸಗಳದ್ದೇ ಚಿಂತೆ. ಇನ್ನು ಈ ವರ್ಷ ಬೇಡ ಎಂದು ಮಗ ಹೇಳಿದರೆ, "ನಿನ್ನನ್ನು ಹೆತ್ತಾಗಲೂ ಬಿಟ್ಟದ್ದನ್ನು ಹಿಡಿದವಳು ನಾನು" ಎಂದು ಗದರಿಸಿದರು. ಡಾಕ್ಟರ್ ಹೇಳಿದ್ದಾರೆ ಎಂದರೆ, "ಅವರಿಗೇನು ಗೊತ್ತು ಉಪವಾಸದ ವಿಷಯ" ಎಂದರು. ಕೊನೆಗೆ ಗಂಡ ಹೋಗಿ ಮಸೀದಿಯ ಖತೀಬರನ್ನೇ ಕರೆತಂದರು. ಅವರು ಉಪದೇಶ ಮಾಡಲಿಲ್ಲ. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಎಣಿಕೆ ತೀರಿಸುವ ಅವಕಾಶವನ್ನು ಉಪವಾಸ ಕಡ್ಡಾಯಗೊಳಿಸಿದ ಕುರ್‌ಆನೇ ಕೊಟ್ಟಿರುವುದನ್ನೂ, ಗುಣವಾಗದ ಕಾಯಿಲೆಯವರು ಬಡವನೊಬ್ಬನ ಊಟವನ್ನು ಫಿದ್ಯಾ ಆಗಿ ಕೊಡಬಹುದೆಂಬುದನ್ನೂ ನೆನಪಿಸಿ ಸುಮ್ಮನೆ ಕೂತರು. ಉಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಕೇಳಿದರು, "ಅಲ್ಲಾಹನು ಬಿಟ್ಟುಕೊಟ್ಟದ್ದನ್ನು ನಾನು ಬಿಡುವುದಿಲ್ಲ ಎಂದರೆ ಅದು ಇಬಾದತ್ ಅಲ್ಲ, ಹಠ ಅಂತೀರಾ ಉಸ್ತಾದ್?"

"ನಾನು ಹೇಳಲಿಲ್ಲ, ನೀವೇ ಹೇಳಿದಿರಿ" ಎಂದು ಅವರು ನಕ್ಕರು.

ಈಗ ಪ್ರತಿ ರಮಝಾನಿನಲ್ಲಿ ಫಿದ್ಯಾದ ಅಕ್ಕಿಯನ್ನು ಉಮ್ಮನೇ ಅಳೆದು ಕಟ್ಟಿಸುತ್ತಾರೆ. ಉಳಿದವರ ಇಫ್ತಾರಿನ ತಯಾರಿಯೂ ಅವರದೇ. ಮಾತ್ರೆ ತಿನ್ನುವ ಹಿರಿಯರಿರುವ ಮನೆಯವರಿಗೆ ನಾನು ಹೇಳುವುದೊಂದೇ. ರಮಝಾನಿನ ಚಂದ್ರ ಕಂಡ ಮೇಲೆ ಡಾಕ್ಟರನ್ನು ಹುಡುಕಬೇಡಿ. ಶಅಬಾನಿನಲ್ಲೇ ಹೋಗಿ, ಮಾತ್ರೆಗಳ ಚೀಟಿ ತೋರಿಸಿ, ಉಪವಾಸ ಹಿಡಿಯಬಹುದೇ, ಹಿಡಿದರೆ ಯಾವ ಮಾತ್ರೆಯ ಹೊತ್ತು ಬದಲಿಸಬೇಕು ಎಂದು ಕೇಳಿ. ಮಾತ್ರೆಯನ್ನು ನಾವೇ ನಿಲ್ಲಿಸುವುದೂ ಬೇಡ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ಅಷ್ಟು ಬತ್ತಿದ್ದರೂ ಉಮ್ಮ ಒಮ್ಮೆಯೂ ಬಾಯಾರಿಕೆ ಎನ್ನಲಿಲ್ಲವಲ್ಲ? ಸಹನೆಯಿಂದ ಹೇಳದೆ ಇದ್ದರೇ? ಅಲ್ಲ, ಅವರಿಗೆ ನಿಜವಾಗಿಯೂ ಬಾಯಾರಿರಲಿಲ್ಲ. ವಯಸ್ಸಾದಂತೆ ಕಣ್ಣು, ಕಿವಿ ಮಂದವಾಗುವ ಹಾಗೆ ಬಾಯಾರಿಕೆಯೂ ಮಂದವಾಗುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ಹುಟ್ಟಿದ ಮಗುವಿನ ತೂಕದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರಾದರೆ, ದೊಡ್ಡ ಗಂಡಸಿನಲ್ಲಿ ನೂರಕ್ಕೆ 60ರಷ್ಟು, ಮುಪ್ಪಿನಲ್ಲಿ ಹೆಚ್ಚುಕಡಿಮೆ ಅರ್ಧ. ಅಂದರೆ ಹಿರಿಯರ ಕೊಡದಲ್ಲಿ ಮೊದಲೇ ನೀರು ಕಡಿಮೆ, ಬರಿದಾಗುತ್ತಿದೆ ಎಂದು ಕೂಗಿ ಹೇಳುವ ಗಂಟೆಯೂ ಕೆಟ್ಟಿರುತ್ತದೆ. ಶಿಶುವಿನದು ಇನ್ನೊಂದು ಬಗೆ. ಅದಕ್ಕೆ ಬಾಯಾರುತ್ತದೆ, ಹೇಳಲು ಬಾರದು.

ನಮ್ಮಂಥ ನಡುವಯಸ್ಸಿನವರಿಗೂ ಬಾಯಾರಿಕೆ ಸ್ವಲ್ಪ ತಡವಾಗಿಯೇ ತಿಳಿಯುವುದು. 60 ಕಿಲೋ ತೂಕದ ಹೆಂಗಸಿನ ದೇಹದಿಂದ ಒಂದು ಲೀಟರಿಗಿಂತ ತುಸು ಹೆಚ್ಚು ನೀರು ಹೋದರೆ ಸಾಕು, ಗಮನ ತಪ್ಪತೊಡಗುತ್ತದೆ, ತಲೆ ಭಾರವಾಗುತ್ತದೆ, ಕಾರಣವಿಲ್ಲದೆ ಮಕ್ಕಳ ಮೇಲೆ ಸಿಟ್ಟು ಬರುತ್ತದೆ. ಇನ್ನೂ ಹೋದರೆ ರಕ್ತದ ಪ್ರಮಾಣ ಇಳಿಯುತ್ತದೆ, ಇದ್ದ ರಕ್ತವನ್ನೇ ಎಲ್ಲ ಕಡೆ ಮುಟ್ಟಿಸಲು ಹೃದಯ ಓಡುತ್ತದೆ, ಎದ್ದು ನಿಂತಾಗ ಕಣ್ಣು ಕತ್ತಲೆಯಾಗುತ್ತದೆ. ಮೂತ್ರಪಿಂಡ ಸಿಕ್ಕಿದ್ದನ್ನೆಲ್ಲ ಉಳಿಸಿಕೊಳ್ಳಲು ನೋಡುತ್ತದೆ. ಆಗ ಮೂತ್ರ ಕಡಿಮೆ, ಬಣ್ಣ ಗಾಢ, ವಾಸನೆ ಹೆಚ್ಚು. ಆದ್ದರಿಂದ ಬಾಯಿಯನ್ನು ಕೇಳುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಒಳ್ಳೆಯದು. ತಿಳಿ ಹಳದಿಯಾದರೆ ಸರಿ, ಕಡು ಚಹಾದ ಬಣ್ಣಕ್ಕೆ ಬಂದರೆ ದೇಹ ಬಹಳ ಹೊತ್ತಿನಿಂದ ಕಾಯುತ್ತಿದೆ ಎಂದರ್ಥ. ಇದನ್ನು ಬರೆಯಲು ನಾಚಿಕೆ ಯಾಕೆ? ಶುದ್ಧಿಯ ಪಾಠದಲ್ಲಿ ಇದಕ್ಕಿಂತ ಸೂಕ್ಷ್ಮ ವಿಷಯಗಳನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ.

ಬಿಸಿಲಿಗೂ ಇದಕ್ಕೂ ಇರುವ ನಂಟು ಎಲ್ಲ ಊರಲ್ಲಿ ಒಂದೇ ಅಲ್ಲ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಎಷ್ಟು ಹೋಯಿತೆಂದೇ ತಿಳಿಯದು. ನಮ್ಮ ಕರಾವಳಿಯಲ್ಲಿ ಗಾಳಿಯೇ ಒದ್ದೆ. ಬೆವರು ಆರದೆ ಮೈಮೇಲೇ ನಿಲ್ಲುತ್ತದೆ, ಮೈ ತಂಪಾಗುವುದಿಲ್ಲ, ದೇಹ ಇನ್ನಷ್ಟು ಬೆವರುತ್ತದೆ. 2024ರ ಜೂನ್‌ನಲ್ಲಿ ಹಜ್ಜ್ ಕಾಲದಲ್ಲಿ ಮಕ್ಕಾದಲ್ಲಿ ತಾಪಮಾನ 50 ಡಿಗ್ರಿ ದಾಟಿದಾಗ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಪರವಾನಗಿಯಿಲ್ಲದೆ ಬಂದು, ನೆರಳೂ ವಾಹನವೂ ಇಲ್ಲದೆ ಉರಿಬಿಸಿಲಿನಲ್ಲಿ ದೂರ ನಡೆದವರು. ಬೆವರಿ ಬೆವರಿ ದೇಹ ಸೋತ ಮೇಲೆ ಒಳಗಿನ ಕಾವು ಇಳಿಯುವುದಿಲ್ಲ, ಆ ಹೊತ್ತಿಗೆ ಕುಡಿಯುವ ಶಕ್ತಿಯೂ ಉಳಿದಿರುವುದಿಲ್ಲ. ಮನೆಯ ಹಿರಿಯರನ್ನು ಹಜ್ಜ್, ಉಮ್ರಾಕ್ಕೆ ಕಳಿಸುವವರು ಬ್ಯಾಗಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆಗೆ ಹತ್ತು ಓ.ಆರ್.ಎಸ್. ಪೊಟ್ಟಣವನ್ನೂ ಒಂದು ಕೊಡೆಯನ್ನೂ ಇಡಲಿ.

ಓ.ಆರ್.ಎಸ್. ಎಂದೆ. ಆ ಇಪ್ಪತ್ತೊಂದು ಗ್ರಾಮಿನ ಪುಡಿಯ ಕಥೆಯನ್ನು ತಾಯಂದಿರಾದ ನಾವು ತಿಳಿದಿರಲೇಬೇಕು, ಯಾಕೆಂದರೆ ಅದು ತಾಯಂದಿರ ಕೈಯಿಂದಲೇ ಗೆದ್ದ ಮದ್ದು.

1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಯುದ್ಧ ನಡೆದಾಗ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಬೊಂಗಾಂವ್‌ನ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಅಲ್ಲಿಯ ಚಿಕ್ಕ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಕಾಲರಾ ಕೊಲ್ಲುವುದು ವಿಷದಿಂದ ಎಂಬುದಕ್ಕಿಂತ ಬತ್ತಿಸಿ ಎನ್ನುವುದೇ ಸರಿ. ಗಂಟೆಗಳೊಳಗೆ ದೊಡ್ಡ ಮನುಷ್ಯನೂ ಒಣಗಿಹೋಗುತ್ತಾನೆ. ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ದಿಲೀಪ್ ಮಹಲನಬಿಸ್ ಎಂಬ ಮಕ್ಕಳ ವೈದ್ಯರು ಒಂದು ಧೈರ್ಯ ಮಾಡಿದರು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಇವನ್ನು ಅಳತೆಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ನೀರಿಗೆ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಢಾಕಾದಲ್ಲಿ 1968ರಲ್ಲೇ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಶ್ ಎಂಬ ವೈದ್ಯರು ಆಸ್ಪತ್ರೆಯ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ಗೆದ್ದಿದ್ದರು. ಆದರೆ ಡಾಕ್ಟರು ನರ್ಸುಗಳು ಸಾಕಷ್ಟಿಲ್ಲದ ಕಡೆ, ತಾಯಂದಿರೂ ಅಣ್ಣತಮ್ಮಂದಿರೂ ಕುಡಿಸಿದರೆ ಆದೀತೇ ಎಂದು ಅನೇಕರಿಗೆ ಸಂಶಯವಿತ್ತು. ನೂರರಲ್ಲಿ 30ರಷ್ಟು ರೋಗಿಗಳು ಸಾಯುತ್ತಿದ್ದ ಕಡೆ, ಅವರ ಆರೈಕೆಯಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಆ ವೈದ್ಯರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಅವರಿಲ್ಲದಾಗ.

ಬರೀ ನೀರಿನಿಂದ ಆಗದ್ದು ಈ ನೀರಿನಿಂದ ಹೇಗಾಯಿತು? ಭೇದಿಯ ಸಮಯದಲ್ಲಿ ಕರುಳು ಉಪ್ಪನ್ನು ಒಬ್ಬಂಟಿಯಾಗಿ ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತದೆ. ಸಕ್ಕರೆಯ ಕೈಹಿಡಿದು ಬಂದರೆ ಬಾಗಿಲು ತೆರೆಯುತ್ತದೆ. ಅವೆರಡರ ಹಿಂದೆ ನೀರು ತಾನಾಗಿ ಹೋಗುತ್ತದೆ. ಎಂಥ ಕಾಲರಾ ಬಂದರೂ ಈ ಒಂದು ಬಾಗಿಲು ಮುಚ್ಚುವುದಿಲ್ಲ. ಅಲ್ಲಾಹನು ಇಟ್ಟ ಬಾಗಿಲು ಅದು ಎಂದು ನನಗನಿಸುತ್ತದೆ. ಆದರೆ ಅಳತೆ ತಪ್ಪಬಾರದು. ಉಪ್ಪಿನಕಾಯಿಗೆ ಮಾವು ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗುವಾಗ ಹೋಳುಗಳು ನೀರು ಬಿಟ್ಟಿರುತ್ತವಲ್ಲ, ಅತಿಯಾದ ಸಕ್ಕರೆಯೂ ಕರುಳಿನಲ್ಲಿ ಅದನ್ನೇ ಮಾಡುತ್ತದೆ. ದೇಹದ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಭೇದಿಯಾದ ಮಗುವಿಗೆ ಬಾಟ್ಲಿಯ ಪಾನೀಯ ಕೊಡಬೇಡಿ ಎನ್ನುವುದು ಇದಕ್ಕೇ.

ಇದೇ ವಿಷಯ 2025ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ದೊಡ್ಡ ಸುದ್ದಿಯಾಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಶಿವರಂಜನಿ ಸಂತೋಷ್ ಅವರು ಸುಮಾರು ಎಂಟು ವರ್ಷ ಹೋರಾಡಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಸಿಹಿ ಪಾನೀಯಗಳ ಮೇಲೆ ಓ.ಆರ್.ಎಸ್. ಎಂಬ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಒಂದು ಲೀಟರ್ ಸರಿಯಾದ ಓ.ಆರ್.ಎಸ್. ನೀರಿನಲ್ಲಿ ಗ್ಲೂಕೋಸ್ ಇರಬೇಕಾದದ್ದು 13.5 ಗ್ರಾಂ ಮಾತ್ರ. ಆ ಡಬ್ಬಗಳಲ್ಲಿ ಕೆಲವದರಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು ಇತ್ತು. ಹೆಸರು ನೋಡಿ ನಂಬಿ ಕುಡಿಸಿದ ತಾಯಂದಿರನ್ನು ದೂರಿ ಪ್ರಯೋಜನವಿಲ್ಲ. ಆ ವೈದ್ಯೆಯ ಕಣ್ಣೀರನ್ನು ಟಿ.ವಿ.ಯಲ್ಲಿ ನೋಡಿದವರು ಮರೆಯಲಾರರು.

ಬಾಂಗ್ಲಾದೇಶದ ಹೆಂಗಸರ ಕಥೆ ಇನ್ನೂ ಚೆನ್ನಾಗಿದೆ. ಬ್ರಾಕ್ ಎಂಬ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೆಂಗಸರನ್ನೇ ಕಳಿಸಿ, ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ತಾಯಂದಿರಿಗೆ ಈ ನೀರು ಮಾಡುವುದನ್ನು ಕಲಿಸಿತು. ಪೊಟ್ಟಣವಿಲ್ಲ, ತಕ್ಕಡಿಯಿಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಬಂದರೆ ಸಂಬಳ ಸಿಗುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಬೇರೊಬ್ಬರು ಹೋಗಿ ಕೆಲವು ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ಅವರು ಎಷ್ಟು ನೆನಪಿಟ್ಟಿದ್ದಾರೋ ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ಹಣ. ನಮ್ಮ ಶಾಲೆಗಳಲ್ಲೂ ಹೀಗೆ ಮಾಡಿದರೆ ಎಂದು ಒಮ್ಮೆ ಯೋಚಿಸಿ ನಕ್ಕಿದ್ದೇನೆ. ಅಲ್ಲಿಯೂ ಮೊದಮೊದಲು ಕಲಿತ ಹೆಂಗಸರೆಲ್ಲ ಬಳಸಲಿಲ್ಲ, ಮನೆಯ ಗಂಡಸರು ಒಪ್ಪಬೇಕಿತ್ತು. ಆಗ ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರಿಗೂ ಹೇಳುವ ವ್ಯವಸ್ಥೆಯಾಯಿತು. ಇಂದಿಗೂ ಅಲ್ಲಿಯವರು ಅದನ್ನು 'ಖಾಬಾರ್ ಸಲೈನ್' ಎನ್ನುತ್ತಾರೆ, ಅಂದರೆ ತಿನ್ನುವ ಸಲೈನ್.

ನಮ್ಮಲ್ಲಿ? ಬಿಸಿಲಿನಿಂದ ಬಂದ ಅತಿಥಿಗೆ ಬೆಲ್ಲ ನೀರು ಕೊಡುವ ಮರ್ಯಾದೆ ತುಳುನಾಡಿನ ಮನೆಗಳಲ್ಲಿ ಎಂದಿನಿಂದಲೋ ಇದೆ. ಒಂದು ಚಿಟಿಕೆ ಉಪ್ಪಿನಷ್ಟೇ ದೂರದಲ್ಲಿದ್ದೆವು ನಾವು! ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭೇದಿಯಾದ ಮಕ್ಕಳಲ್ಲಿ ನೂರಕ್ಕೆ 61ರಷ್ಟು ಮಕ್ಕಳಿಗೆ ಮಾತ್ರ ಓ.ಆರ್.ಎಸ್. ಸಿಕ್ಕಿತ್ತು. ಜಗತ್ತಿನಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ವರ್ಷವೂ ಸಾಯುತ್ತಾರೆ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಹೊಟ್ಟೆ ಒಣಗಲಿ ಎಂದು ಹಾಲೂ ನೀರೂ ನಿಲ್ಲಿಸುವ ಅಜ್ಜಿಯರು ಇನ್ನೂ ಇದ್ದಾರೆ. ಪ್ರೀತಿಯಿಂದಲೇ ನಿಲ್ಲಿಸುತ್ತಾರೆ. ಆದರೆ ಭೇದಿ ನಿಲ್ಲುವುದು ಅದರ ಹೊತ್ತಿಗೆ. ಅಲ್ಲಿಯವರೆಗೆ ಮಗುವನ್ನು ಬತ್ತದಂತೆ ಉಳಿಸಿಕೊಳ್ಳುವುದೇ ನಮ್ಮ ಕೆಲಸ.

ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟಕ್ಕೆ ಇಡೀ ಪೊಟ್ಟಣವನ್ನು ಹಾಕಬೇಕು. ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ರುಚಿಗೆಂದು ಸಕ್ಕರೆ ಸೇರಿಸುವುದಿಲ್ಲ, ಕಲಸಿದ್ದನ್ನು 24 ಗಂಟೆಯ ಮೇಲೆ ಇಡುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಒಂದೊಂದು ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ ಅದರ ಇಮ್ಮಡಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಬೇಕು. ಮೊಲೆಹಾಲು ನಿಲ್ಲಿಸಲೇಬಾರದು. ಸತುವಿನ ಮಾತ್ರೆಯನ್ನೂ ಆಶಾ ಕಾರ್ಯಕರ್ತೆಯರು ಕೊಡುತ್ತಾರೆ, ಭೇದಿ ನಿಂತರೂ ಅದನ್ನು 14 ದಿನ ಮುಗಿಸಬೇಕು. ಪೊಟ್ಟಣ ಸಿಗದ ಅಪರಾತ್ರಿಯಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಚಹಾದ ಚಿಕ್ಕ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಕಣ್ಣು ಗುಳಿಬಿದ್ದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ನೆತ್ತಿಯ ಮೆತ್ತನೆಯ ಜಾಗ ತಗ್ಗಿದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲೂ ಆಗದಂತೆ ಮಂಪರಿದ್ದರೆ ಕಾಯಬಾರದು, ಮಗು ಕುಡಿಯಬಲ್ಲದಾದರೆ ದಾರಿಯುದ್ದಕ್ಕೂ ಕುಡಿಸುತ್ತ ಆಸ್ಪತ್ರೆಗೆ ಓಡಬೇಕು. ಹೃದಯ, ಮೂತ್ರಪಿಂಡದ ಕಾಯಿಲೆಯಿರುವ ಹಿರಿಯರಿಗೆ ಮಾತ್ರ ಡಾಕ್ಟರನ್ನು ಕೇಳದೆ ಓ.ಆರ್.ಎಸ್. ಕೊಡುವುದು ಬೇಡ.

ಮಕ್ಕಳಿಗೂ ಹಿರಿಯರಿಗೂ ಕುಡಿಸುವವಳು ತಾನು ಕುಡಿದಳೇ ಎಂದು ಕೇಳುವವರು ಯಾರು? ನನ್ನ ಮೊದಲ ಬಾಣಂತನದಲ್ಲಿ ಉಪಚಾರಕ್ಕೆ ಬಂದಿದ್ದ ಅಜ್ಜಿ ನೀರಿನ ಹೂಜಿಯನ್ನೇ ಕೋಣೆಯಿಂದ ಹೊರಗಿಟ್ಟಿದ್ದರು. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲವಂತೆ. ದಿನಕ್ಕೆ ಎರಡು ಲೋಟ ಬಿಸಿನೀರು, ಅದೂ ಮದ್ದಿನ ಜೊತೆ. ರಾತ್ರಿ ಮಗು ಹಾಲಿಗೆ ಬಾಯಿಟ್ಟ ಕೂಡಲೇ ನನ್ನ ಗಂಟಲು ಒಣಗಿ ಬರುತ್ತಿತ್ತು. ಮೊಲೆಹಾಲಿನ ನೂರರಲ್ಲಿ 87 ಪಾಲು ನೀರೇ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವವಳ ನೀರು ನಿಲ್ಲಿಸುವುದೆಂದರೆ ಏನು ನ್ಯಾಯ? ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚಿರುತ್ತದೆ. ದೇಹ ಬತ್ತಿದರೆ ಆ ಅಪಾಯ ಇನ್ನಷ್ಟು. ನನ್ನ ಉಮ್ಮ, ಅಂದರೆ ನನ್ನನ್ನು ಹೆತ್ತವರು, ಅಜ್ಜಿ ಮಲಗಿದ ಮೇಲೆ ಸೆರಗಿನಡಿಯಲ್ಲಿ ಚೊಂಬು ತಂದುಕೊಡುತ್ತಿದ್ದರು. ಅವರ ಕಾಲದಲ್ಲಿ ಹಾಗೆ ತಂದುಕೊಡುವವರೂ ಇರಲಿಲ್ಲವಂತೆ.

ಇನ್ನೊಂದು ಕಾರಣವನ್ನು ಯಾವ ಡಾಕ್ಟರರೂ ನಮ್ಮಲ್ಲಿ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೊರಗೆ ಹೊರಟ ಹೆಂಗಸು ನೀರು ಕುಡಿಯದಿರುವುದು ಬಾಯಾರದೆ ಅಲ್ಲ, ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ ಎಂದು. ದೂರದ ಬಸ್ಸು ಹತ್ತುವ ಮೊದಲು ಬೆಳಗಿನ ಚಹಾವನ್ನೂ ಬಿಡುವವರು ಎಷ್ಟು ಮಂದಿ! ನನ್ನ ನಾದಿನಿಯ ಮಗಳು ಹೈಸ್ಕೂಲಿಗೆ ಒಯ್ದ ನೀರಿನ ಬಾಟ್ಲಿ ಸಂಜೆ ತುಂಬಿಯೇ ಮರಳುತ್ತಿತ್ತು. ಕೇಳಿದರೆ, "ಅಲ್ಲಿಯ ಬಾತ್‌ರೂಮಿಗೆ ಬಾಗಿಲ ಚಿಲಕ ಇಲ್ಲ ಮಾಮಿ" ಎಂದಳು. ಒಂದೇ ವರ್ಷದಲ್ಲಿ ಎರಡು ಸಲ ಉರಿಮೂತ್ರದ ಸೋಂಕಾಗಿತ್ತು ಅವಳಿಗೆ. ನೀರು ಕಡಿಮೆಯಾದಲ್ಲಿ, ಮೂತ್ರ ಕಟ್ಟಿಕೊಂಡಲ್ಲಿ ಸೋಂಕೂ ಬರುತ್ತದೆ, ಕಲ್ಲೂ ಆಗುತ್ತದೆ. ಐದು ತಾಯಂದಿರು ಒಟ್ಟಾಗಿ ಹೋಗಿ ಹೇಳಿದ ಮೇಲೆ ಚಿಲಕ ಬಂತು. ಐವತ್ತು ರೂಪಾಯಿಯ ಚಿಲಕ!

ಮದುವೆ ಹಾಲ್‌ಗಳದ್ದು ಇನ್ನೊಂದು ಕಥೆ. ನಮ್ಮ ಊರಿನ ಹಾಲ್‌ನಲ್ಲಿ ಹೆಂಗಸರ ಕಡೆ ಆರುನೂರು ಜನ ಕೂರಬಹುದು, ಶೌಚಾಲಯ ಎರಡು. ಅದರಲ್ಲೊಂದರೊಳಗೆ ಕುರ್ಚಿಗಳನ್ನು ಪೇರಿಸಿಟ್ಟಿರುತ್ತಾರೆ. ಬುರ್ಖಾ ತೊಟ್ಟು, ಬೆವರಿ, ಬಿರಿಯಾನಿ ತಿಂದು, ಅರ್ಧ ಲೋಟ ನೀರಿಗೆ ತುಟಿ ತಾಗಿಸಿ ಮನೆಗೆ ಬಂದವರಿಗೆ ರಾತ್ರಿ ತಲೆನೋವು ಬಂದರೆ ಅದು ಮದುವೆಯ ಗದ್ದಲದಿಂದ ಎನ್ನುತ್ತಾರೆ. 2024ರಲ್ಲಿ ನಾವು ಹನ್ನೊಂದು ಮಂದಿ ಸಹಿ ಹಾಕಿ ಹಾಲ್‌ನ ಕಮಿಟಿಗೆ ಪತ್ರ ಕೊಟ್ಟೆವು. "ಗಂಡಸರ ಕಡೆಯಿಂದ ಇಂಥ ದೂರು ಬಂದಿಲ್ಲವಲ್ಲ" ಎಂದರು ಮೊದಲು. ಉಮ್ಮನನ್ನು ಕರೆದುಕೊಂಡು ಎರಡನೆಯ ಸಲ ಹೋದಾಗ ಅವರು ತನ್ನ ಆಸ್ಪತ್ರೆಯ ಮೂರು ದಿನದ ಕಥೆಯನ್ನು ಸೋಡಿಯಂ ಅಂಕಿಯ ಸಮೇತ ಹೇಳಿದರು. ಕಮಿಟಿಯವರು ತಲೆ ತಗ್ಗಿಸಿ ಕೇಳಿದರು. ಮೂರು ಹೊಸ ಶೌಚಾಲಯಗಳಿಗೆ ಎಸ್ಟಿಮೇಟ್ ಆಗಿದೆ. ಅದಕ್ಕೆ ಗುರುತಿಸಿದ ಜಾಗ ಜನರೇಟರಿಗೆ ಬೇಕು ಎಂಬ ಚರ್ಚೆ ನಡೆಯುತ್ತಿದೆ. ಅಲ್ಲಿಯವರೆಗೆ ಎಂದು ನನ್ನ ನಾದಿನಿ ಹಾಲ್‌ನ ಹಿಂದಿನ ಮನೆಯವರ ಪರಿಚಯ ಮಾಡಿಕೊಂಡಿದ್ದಾಳೆ. ಮದುವೆಗೆ ಹೋಗುವಾಗ ಅವರಿಗೂ ಒಂದು ಡಬ್ಬ ತಿಂಡಿ ಕಟ್ಟಿಸಿಕೊಂಡು ಹೋಗುತ್ತಾಳೆ.